1928 ಅಲ್ಲ, 1948: ಒಂದು ಗೂಡ್ಸ್ ರೀಲಿನ ಕಥೆ

ಹದಿನಾರು ಎಂಎಂ ರೀಲು. ಕಪ್ಪು ಬಿಳುಪು, ಸೌಂಡ್ ಇಲ್ಲ, ರೀಲು ಇಟ್ಟ ಡಬ್ಬಿ ಮೇಲೆ ಏನೂ ಬರೆದಿಲ್ಲ. ಅಮೆರಿಕದ ಯಾವುದೋ ಬಯಲು, ಏರಿ ಮೇಲೆ ಹಳಿ. ಸ್ಟೀಮ್ ಎಂಜಿನ್ ಹೊಗೆ ಉಗುಳುತ್ತಾ ಬರುತ್ತದೆ, ಹಿಂದೆ ಉದ್ದಕ್ಕೂ ಗೂಡ್ಸ್ ಡಬ್ಬಿಗಳು. ಹಳೇ ಫಿಲ್ಮ್ ನೋಡಿ ಅದರಲ್ಲಿ ಏನಿದೆ, ಯಾವ ವರ್ಷದ್ದು ಅಂತ ದಾಖಲಿಸುವ ಬೆಂಗಳೂರಿನ ನಮ್ಮ ಲಾಗಿಂಗ್ ಟೀಮಿಗೆ ಇಂಥವು ದಿನವೂ ಬರುತ್ತವೆ. ಪ್ರಾಕ್ಸಿ (ಸ್ಕ್ಯಾನಿನ ಹಗುರ ಪ್ರತಿ) ನೋಡು, ಶೀಟ್ ತುಂಬು, ಕ್ಯೂಸಿಗೆ ತಳ್ಳು. ಕ್ಯೂಸಿ, ಅಂದರೆ ಶೀಟ್ ತಪಾಸಣೆ ಮಾಡುವವನು, ನಾನೇ.

ಈ ರೀಲಿನಲ್ಲಿ ಒಂದು ಅದೃಷ್ಟ ಇತ್ತು. ಓವರ್‌ಸ್ಕ್ಯಾನ್ ಮಾಡಿ, ಅಂದರೆ ಫಿಲ್ಮಿನ ಅಂಚನ್ನೂ ಸೇರಿಸಿ, ಕಳಿಸಿದ್ದರಿಂದ ವರ್ಷ ಸೂಚಿಸುವ ಅಂಚಿನ ಕೊಡಕ್ ಗುರುತು ಕಾಣುತ್ತಿತ್ತು. ಆದರೆ ಆ ಗುರುತುಗಳು ಆ ಕಾಲದಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತಿದ್ದವು. ನಮ್ಮ ರೀಲಿನದು 1928 ಆಗಬಹುದು, 1948 ಆಗಬಹುದು, 1968ರದ್ದೂ ಆಗಬಹುದು. ಅಷ್ಟು ಹೊತ್ತಿಗೆ ಅಲ್ಲಿ ಸ್ಟೀಮ್ ಗೂಡ್ಸ್ ಹೆಚ್ಚುಕಮ್ಮಿ ಮುಗಿದಿದ್ದರಿಂದ 1968 ಬಿಟ್ಟೆ. ಉಳಿದದ್ದು ಎರಡು. ಮುಂದಿನ ಡಬ್ಬಿಗಳೆಲ್ಲ ಮರದವು, ಹೊರಗೆ ಓರೆಯಾಗಿ ಕಬ್ಬಿಣದ ಪಟ್ಟಿ. 1917ರ ಕೊನೆಯಲ್ಲಿ ಯುದ್ಧದ ಹೆಸರಲ್ಲಿ ಸರ್ಕಾರ ರೈಲುಗಳನ್ನು ಕೈಗೆ ತೆಗೆದುಕೊಂಡಿತಲ್ಲ, ಆಗ ಮಾಡಿಸಿದ ನಮೂನೆ. ಇನ್ನೇನು ಬೇಕು? 1928 ಅಂತ ಹಾಕಿ ಅಪ್ರೂವ್ ಒತ್ತಿದೆ.

ಅದಕ್ಕೂ ಮೊದಲು ಆಟೋಟ್ಯಾಗ್, ಅಂದರೆ ಚಿತ್ರ ನೋಡಿ ತಾನೇ ಹೆಸರು ಹಚ್ಚುವ ಸಾಫ್ಟ್‌ವೇರ್, ತುಂಬಿದ್ದನ್ನು ಸ್ವಚ್ಛ ಮಾಡಬೇಕಿತ್ತು. ಈ ಟೂಲ್ ಮೇಲಿನವರಿಗೆ ಬಲು ಪ್ರೀತಿ. ಡೆಮೋದಲ್ಲಿ ನಾಯಿ, ಬೆಕ್ಕು, ಕಾರು ಎಲ್ಲಾ ಸರಿಯಾಗಿ ಗುರುತಿಸಿತ್ತಂತೆ. ನನ್ನ ಗೂಡ್ಸ್ ಗಾಡಿಗೆ ಅದು ಹಾಕಿದ ಟ್ಯಾಗ್: 'ಪ್ಯಾಸೆಂಜರ್ ರೈಲು, ಸೂಪರ್ ಚೀಫ್'. ಒಂದು ಕಿಟಕಿ ಇಲ್ಲ, ಒಬ್ಬ ಮನುಷ್ಯ ಇಲ್ಲ, ಪ್ಯಾಸೆಂಜರ್ ಅಂತೆ! ಪಕ್ಕದವನಿಗೂ ತೋರಿಸಿ ನಕ್ಕು ಡಿಲೀಟ್ ಮಾಡಿದೆ.

ರಾತ್ರಿ ಒಂಬತ್ತಕ್ಕೆ ಕ್ಲೈಂಟ್ ಕಾಲ್. ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಲಾಗ್ ಮಾಡಿದ ಹುಡುಗಿಯ ಪಿಂಗ್ ಬಂತು. ಹುಬ್ಬಳ್ಳಿಯವಳು, ಅವರಪ್ಪ ರೈಲ್ವೆಯ ಡಬ್ಬಿಗಳನ್ನು ನೋಡಿಕೊಳ್ಳುವ ಸಿ ಅಂಡ್ ಡಬ್ಲ್ಯೂ (ಕ್ಯಾರಿಯೇಜ್ ಅಂಡ್ ವ್ಯಾಗನ್) ವಿಭಾಗದಲ್ಲಿ ಇದ್ದವರು.

'ಸರ್, ಇದು ಇಪ್ಪತ್ತೆಂಟರದ್ದಲ್ಲ ಅನಸ್ತದ್ರಿ. ಡಬ್ಬಿ ಕೆಳಗ ನೋಡ್ರಿ.'

'ಈಗ್ಲೇನಾಮ್ಮಾ?' ಅಂದೆ. ನಿಜ ಹೇಳಬೇಕೆಂದರೆ ಸಿಟ್ಟು ಬಂದಿತ್ತು. ಆದರೂ ಅವಳ ಸೀಟಿಗೆ ಹೋದೆ.

ಏರಿ ಕೆಳಗೆ ನಿಂತು ತೆಗೆದ ಶಾಟ್. ಹಾಗಾಗಿ ಡಬ್ಬಿಗಳ ಹೊಟ್ಟೆ ಕೆಳಗೆ ಆಕಾಶ ಕಾಣುತ್ತದೆ, ಬ್ರೇಕ್ ಸಾಮಾನು ಕಪ್ಪು ನೆರಳಿನ ಹಾಗೆ ಎದ್ದು ಕಾಣುತ್ತದೆ. ಅವಳು ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತಾ ಹೋದಳು. ಮೊದಲ ಮರದ ಡಬ್ಬಿ ಕೆಳಗೆ ಒಂದೇ ಗಂಟು: ಸಿಲಿಂಡರ್, ಟ್ಯಾಂಕು, ವಾಲ್ವು ಒಟ್ಟಿಗೆ ಬೋಲ್ಟ್ ಹಾಕಿದ್ದು. ಅದು ಹಳೇ ಕೆ ಬ್ರೇಕ್. ಅದರ ಹಿಂದೆ ಬಂದ ಕಬ್ಬಿಣದ ಡಬ್ಬಿ ಕೆಳಗೆ ಮೂರು ಬೇರೆ ಬೇರೆ ಉಂಡೆಗಳು, ನಡುವೆ ನಡುವೆ ಬೆಳಕು. ಸಿಲಿಂಡರ್ ಒಂದು ಕಡೆ, ದಪ್ಪ ಟ್ಯಾಂಕು ಇನ್ನೊಂದು ಕಡೆ, ವಾಲ್ವು ಪ್ರತ್ಯೇಕ. ಅದು ಎಬಿ ಬ್ರೇಕ್. ಹೊಸ ಡಬ್ಬಿಗಳಿಗೆ ಅದು ಬಂದದ್ದೇ 1933ರ ಹೊತ್ತಿಗೆ. ಇನ್ನು ಕೆ ಬ್ರೇಕ್ ಇದ್ದ ಡಬ್ಬಿಯನ್ನು ಬೇರೆ ಕಂಪನಿಯ ಹಳಿಗೆ ಬಿಡುವುದು 1953ಕ್ಕೆ ನಿಂತಿತು. ಎರಡೂ ಒಂದೇ ಗಾಡಿಯಲ್ಲಿವೆ. 1928 ಆಗುವುದೇ ಇಲ್ಲ.

ನನ್ನ ಬಾಯಿಂದ ಬಂದದ್ದು ಮಾತ್ರ 'ನೆರಳು ನಂಬೋಕಾಗಲ್ಲ, ಕ್ಲೈಂಟ್ ಒಪ್ಪಲ್ಲ' ಅಂತ. ಅಪ್ರೂವ್ ಒತ್ತಿದ ಶೀಟ್ ಬಿಚ್ಚಬೇಕಾದರೆ ಟಿಕೆಟ್ (ಸಿಸ್ಟಮ್ ನೋಡಿಕೊಳ್ಳುವವರಿಗೆ ವಿನಂತಿ) ಹಾಕಬೇಕು, ಅದೇ ತಲೆಯಲ್ಲಿತ್ತು.

ಅವಳು ಕೇಳಿದಳು: 'ಬರಹ ಏನರ ಸಿಕ್ಕರ ಒಪ್ತಾರೇನ್ರಿ?'

ಆಗ ನೆನಪಾಯಿತು. ಸೂಪರ್ ಚೀಫ್! ಅಮೆರಿಕದ ಸಾಂಟಾ ಫೆ ರೈಲ್ವೆ ಕಂಪನಿಯವರು ತಮ್ಮ ಪ್ಯಾಸೆಂಜರ್ ರೈಲುಗಳ ಹೆಸರನ್ನು ಗೂಡ್ಸ್ ಡಬ್ಬಿಗಳ ಮೇಲೆ ದೊಡ್ಡದಾಗಿ ಬರೆಸುತ್ತಿದ್ದರು, ಸುಮ್ನೆ ಜಾಹೀರಾತಿಗೆ. ಆ ರೈಲು ಓಡಲು ಶುರುವಾದದ್ದೇ 1936ರಲ್ಲಿ. ಟೂಲ್ ಸರಿಯಾಗಿಯೇ ಓದಿತ್ತು. ಓದಿದ್ದರ ಅರ್ಥ ಅದಕ್ಕೆ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಟ್ಯಾಗ್ ಜೊತೆ ಟೈಮ್‌ಕೋಡೂ, ಅಂದರೆ ರೀಲಿನಲ್ಲಿ ಅದು ಎಲ್ಲಿ ಕಂಡಿತು ಅನ್ನುವ ಗುರುತೂ, ಹೋಗಿತ್ತು. ಹಿಸ್ಟರಿ ನೋಡಲು ಅಡ್ಮಿನ್ ಬೇಕು, ಅಡ್ಮಿನ್ ಆರೂವರೆಗೇ ಮನೆಗೆ ಹೋಗಿಯಾಗಿತ್ತು.

ಕೈಯಿಂದಲೇ ಹುಡುಕಿದೆವು. ನಿಂತಲ್ಲೇ ನಿಂತು ತೆಗೆದ ಶಾಟ್‌ನಲ್ಲಿ ಅಕ್ಷರ ಉಜ್ಜಿದ ಹಾಗೆ ಮಸುಕು, ಅಲ್ಲಿ ಹುಡುಕಿ ಪ್ರಯೋಜನ ಇಲ್ಲ. ಕ್ಯಾಮೆರಾದವನು ಗಾಡಿಯ ವೇಗಕ್ಕೆ ಸರಿಯಾಗಿ ತಿರುಗಿಸಿದ ಕಡೆ ಮಾತ್ರ ಬರಹ ನಿಲ್ಲುತ್ತದೆ. ಅಂಥ ಜಾಗ ಈ ರೀಲಿನಲ್ಲಿ ಕೊನೆಯ ಕಡೆ ಇದೆ. ಕಾಲ್ ರಿಂಗ್ ಆಗುತ್ತಿತ್ತು, ನಾನು ಮ್ಯೂಟ್‌ನಲ್ಲಿ ಸೇರಿಕೊಂಡೆ, ಅವಳು ಫ್ರೇಮ್ ತಳ್ಳುತ್ತಲೇ ಇದ್ದಳು. ಹೊಗೆ, ಮಸುಕು, ಮತ್ತೆ ಹೊಗೆ. ಆಮೇಲೆ ಒಂದೇ ಒಂದು ಫ್ರೇಮ್‌ನಲ್ಲಿ 'ಸೂಪರ್' ಅಚ್ಚುಕಟ್ಟಾಗಿ ನಿಂತಿತು. ಸ್ಕ್ರೀನ್ ಶೇರ್ ಮಾಡಿದೆ. 'ವರ್ಷ 1948 ಅಥವಾ ಸ್ವಲ್ಪ ಈಚೆ, ಶೀಟ್ ತಿದ್ದಿ ಕಳಿಸುತ್ತೇವೆ' ಅಂದೆ. ಸ್ವಲ್ಪ ಈಚೆ ಯಾಕಂದರೆ ಅಂಚಿನ ಗುರುತು ಫಿಲ್ಮ್ ತಯಾರಾದ ವರ್ಷ ಹೇಳುತ್ತದೆ, ಶೂಟ್ ಮಾಡಿದ ವರ್ಷ ಅಲ್ಲ. ಕ್ಲೈಂಟ್ ಏನೂ ತಕರಾರು ಮಾಡಲಿಲ್ಲ. ನೆರಳಿನ ಫ್ರೇಮ್ ಇದ್ದರೆ ಅದನ್ನೂ ಕಳಿಸಿ ಅಂದರು.

ಅಲ್ಲಿಂದ ಟೀಮಿನಲ್ಲಿ ನಮ್ಮ ರೂಢಿ ಬದಲಾಯಿತು. ಗಾಡಿಯಲ್ಲಿ ಯಾವುದು ಎಲ್ಲಕ್ಕಿಂತ ಹೊಸದು ಅಂತ ಮೊದಲು ಹುಡುಕುತ್ತೇವೆ. ಹಳೇ ಡಬ್ಬಿ ಹತ್ತಾರು ವರ್ಷ ಓಡುತ್ತಲೇ ಇರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಫಿಲ್ಮ್ ಎಡಬಲ ಉಲ್ಟಾ ಸ್ಕ್ಯಾನ್ ಆಗಿದೆಯಾ ಅನ್ನುವುದಕ್ಕೆ ಏಣಿ ನೋಡುತ್ತೇವೆ. ಬದಿಯಲ್ಲಿ ಒಂದೇ ಏಣಿ ಇರುವ ಹಳೇ ಡಬ್ಬಿಯಾದರೆ ಅದು ನಮ್ಮ ಬಲಗೈ ತುದಿಗೇ ಇರಬೇಕು, ಅಲ್ಲಿನ ಸುರಕ್ಷತಾ ನಿಯಮ ಹಾಗಿದೆ. ಎಡಕ್ಕೆ ಕಂಡರೆ ಅಕ್ಷರ ಓದುವವರೆಗೂ ಕಾಯಬೇಕಾಗಿಲ್ಲ, ರೀಲು ಉಲ್ಟಾ.

ಸರಿಯಾಗದೆ ಉಳಿದದ್ದು ಲೊಕೇಶನ್. ಡಬ್ಬಿ ಮೇಲೆ 'ಪೆನ್ಸಿಲ್ವೇನಿಯಾ' ಅಂತ ರೈಲ್ವೆ ಕಂಪನಿಯ ಹೆಸರು ಕಂಡ ಕೂಡಲೇ ಟೂಲ್ ಜಾಗವನ್ನೂ ಪೆನ್ಸಿಲ್ವೇನಿಯಾ ಅಂತ ತುಂಬುತ್ತದೆ. ಆ ಕಂಪನಿಯ ಡಬ್ಬಿ ಕ್ಯಾಲಿಫೋರ್ನಿಯಾದಲ್ಲೂ ಓಡಾಡುತ್ತಿತ್ತು, ಎಲ್ಲಾ ಕಂಪನಿಗಳವೂ ಎಲ್ಲಾ ಕಡೆ ಹೋಗುತ್ತಿದ್ದವು. ಯಾರ ಹಳಿ ಅಂತ ತಿಳಿಯಬೇಕಾದರೆ ಎಂಜಿನ್ ನೋಡಬೇಕು, ಇಲ್ಲವೇ ಕೊನೆಯ ಗಾರ್ಡ್ ಡಬ್ಬಿ. ನಮ್ಮ ರೀಲಿನಲ್ಲಿ ಗಾರ್ಡ್ ಡಬ್ಬಿ ಬರುವ ಮೊದಲೇ ಶಾಟ್ ಮುಗಿಯುತ್ತದೆ, ಎಂಜಿನ್ ನಂಬರ್ ಹೊಗೆಯಲ್ಲಿ ಮುಳುಗಿದೆ. ಡ್ರಾಪ್‌ಡೌನ್‌ನಲ್ಲಿ 'ಗೊತ್ತಿಲ್ಲ' ಅನ್ನುವ ಆಯ್ಕೆ ಇಲ್ಲ. ಬೇಕು ಅಂತ ಟಿಕೆಟ್ ಹಾಕಿದ್ದೇನೆ. 'ಲೋ ಪ್ರಯಾರಿಟಿ' ಅಂತ ಗುರುತು ಹಾಕಿ ಇಟ್ಟಿದ್ದಾರೆ.