ಹಾಡಿನ ಹುಳ

ಎಂಬತ್ತರ ದಶಕದಲ್ಲಿ ನಾವು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದಾಗ ಗೋಡೆ ಪತ್ರಿಕೆಯೊಂದನ್ನು ನಡೆಸುತ್ತಿದ್ದೆವು. ಅದರ ಕವಿತೆಗಳ ಬಗ್ಗೆ ಮಾತನಾಡದಿರುವುದೇ ಲೇಸು. ಹೆಚ್ಚಿನವು ಒಬ್ಬಳೇ ಹುಡುಗಿಯನ್ನು ಕುರಿತವು. ಆದರೆ ಕೆಳಗಿನ ಮೂಲೆಯ ‘ಹಾಡಿನ ಹುಳ’ ಅಂಕಣವನ್ನು ಮಾತ್ರ ಮೇಷ್ಟ್ರುಗಳೂ ನಿಂತು ಓದುತ್ತಿದ್ದರು. ಯಾರು ಬೇಕಾದರೂ ಹಾಡಿನ ಬಗ್ಗೆ ಒಂದು ಪ್ರಶ್ನೆ ಬರೆದು ಅಂಟಿಸಬಹುದಿತ್ತು, ಗೊತ್ತಿದ್ದವರು ಕೆಳಗೆ ಚೀಟಿ ಸೇರಿಸಬಹುದಿತ್ತು. ‘ನನಗನ್ನಿಸುತ್ತದೆ’ ಎಂದು ಶುರುವಾಗುವ ಚೀಟಿಗಳನ್ನು ಕನ್ನಡ ಮೇಷ್ಟ್ರು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಬಹಳ ದಿನ ಎಳೆದಾಡಿದ್ದು ‘ಕಾಯೌ ಶ್ರೀಗೌರಿ’ಯ ತಕರಾರು. ಮೈಸೂರು ಸಂಸ್ಥಾನದ ನಾಡಗೀತೆಯಾಗಿದ್ದ ಅದನ್ನು ನಮ್ಮ ತಾತಂದಿರು ಶಾಲೆಯಲ್ಲಿ ಕೈಕಟ್ಟಿ ನಿಂತು ಹಾಡಿದವರು. ನಾವು ದಸರಾದಲ್ಲಿ ಬ್ಯಾಂಡಿನವರು ನುಡಿಸಿದಾಗ ಕೇಳಿದವರು. ಅದರ ಒಂದು ಸಾಲನ್ನು ಹಾಡುವವರು ‘ಶುಂಭಾದಿಮ’ ಎಂದು ನಿಲ್ಲಿಸಿ ‘ದಾಂಭೋನಿಧಿ’ ಎಂದು ಮುಂದುವರಿಸುತ್ತಾರೆ. ‘ಈ ದಾಂಭೋನಿಧಿ ಯಾವ ರಾಕ್ಷಸ?’ ಎಂದು ಪಾಂಡವಪುರದ ಕಡೆಯ ಹುಡುಗನೊಬ್ಬ ಬರೆದು ಅಂಟಿಸಿದ. ಶುಂಭನ ತಮ್ಮನಿರಬೇಕು ಎಂಬ ಚೀಟಿಯೂ ಬಂತು. ಕೊನೆಗೆ ಸಂಸ್ಕೃತ ಓದುತ್ತಿದ್ದ ಹುಡುಗಿಯೊಬ್ಬಳು ಸಾಲನ್ನು ಬಿಡಿಸಿಟ್ಟಳು: ಶುಂಭ ಮೊದಲಾದವರ ಮದವೇ ಅಂಭೋನಿಧಿ, ಅಂದರೆ ಕಡಲು, ಆ ಕಡಲಿಗೆ ದೇವಿ ಕುಂಭಜನಂತೆ. ಕುಂಭಜನೆಂದರೆ ಸಮುದ್ರವನ್ನೇ ಆಪೋಶನ ಮಾಡಿದ ಅಗಸ್ತ್ಯ. ತಾಳದ ಏಟಿಗೆ ಸಿಕ್ಕಿ ‘ಮದ’ ಎರಡು ತುಂಡಾಗಿತ್ತು, ಅಷ್ಟೇ. ದೇವಿ ರಾಕ್ಷಸರನ್ನು ಕೊಂದಳು ಎಂದು ಎಲ್ಲರೂ ಹಾಡುತ್ತಾರೆ. ಅವರ ಸೊಕ್ಕನ್ನು ಕುಡಿದಳು ಎಂದ ಕವಿ ಸಾಮಾನ್ಯನಲ್ಲ.

ಆ ಕವಿ ಬಸವಪ್ಪ ಶಾಸ್ತ್ರಿಗಳು. ಶಾಕುಂತಲವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಎನಿಸಿಕೊಂಡವರು, ತೀರಿಕೊಂಡದ್ದು 1891ರಲ್ಲಿ. ಅಲ್ಲಿಂದ ಎರಡನೆಯ ಹುಳ ಹೊರಟಿತು. ಹಾಡಿನ ಕೊನೆಗೆ ‘ಶ್ರೀ ಜಯಚಾಮೇಂದ್ರ’ ಎಂದಿದೆ, ಜಯಚಾಮರಾಜ ಒಡೆಯರು ಹುಟ್ಟಿದ್ದು 1919ರಲ್ಲಿ. ಹುಟ್ಟದ ರಾಜನಿಗೆ ಹರಕೆಯೇ? ಶಾಸ್ತ್ರಿಗಳು ಹತ್ತನೆಯ ಚಾಮರಾಜ ಒಡೆಯರ ಆಸ್ಥಾನ ಕವಿಗಳಾದ್ದರಿಂದ ಅವರ ಚಾಮೇಂದ್ರ ಅಜ್ಜನೇ. ಮೊಮ್ಮಗನ ಕಾಲದಲ್ಲಿ ಅದೇ ಜಯಘೋಷ ಅವರ ಹೆಸರಾಗಿ ಕೇಳಿಸಿತು ಎಂದು ಇತಿಹಾಸದ ವಿದ್ಯಾರ್ಥಿಯೊಬ್ಬ ತೀರ್ಪು ಕೊಟ್ಟ. ಮೇಷ್ಟ್ರು ಆ ಚೀಟಿಯನ್ನು ಕೀಳಲಿಲ್ಲ.

ಮುಂದಿನ ಪ್ರಶ್ನೆಯನ್ನು ಮೇಷ್ಟ್ರೇ ಅಂಟಿಸಿದ್ದರೆಂದು ನಮ್ಮ ಗುಮಾನಿ: ‘ಮೈಸೂರಿನ ಹಣದಿಂದ ಲಂಡನ್ನಿನಲ್ಲಿ ಗ್ರಾಮಫೋನ್ ತಟ್ಟೆಗೇರಿದ ರಷ್ಯನ್ ಸಂಗೀತಗಾರ ಯಾರು?’ ಹಾಸ್ಟೆಲಿನಲ್ಲಿ ಇದು ನಗೆಪಾಟಲಾಯಿತು. ಅರಮನೆಯಲ್ಲಿ ಮಹಾರಾಜರ ಕಾಲಕ್ಕೆ ಕರ್ನಾಟಕ ಸಂಗೀತದ ಬ್ಯಾಂಡೂ ಇತ್ತು, ಪಾಶ್ಚಾತ್ಯ ಬ್ಯಾಂಡೂ ಇತ್ತು. ಎರಡನೆಯದರಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದ ಹಿರಿಯರೊಬ್ಬರು ಲಷ್ಕರ್ ಮೊಹಲ್ಲಾದಲ್ಲಿದ್ದರು. ನಾವು ಅವರ ಮನೆ ಹುಡುಕಿಕೊಂಡು ಹೋದೆವು. ಅವರು ಕಾಫಿ ಲೋಟ ಕೆಳಗಿಟ್ಟು, ತೊಡೆಯ ಮೇಲೆ ಬೆರಳಾಡಿಸುತ್ತ, ‘ಮೆಟ್ನರ್’ ಎಂದರು. ಏನೋ ಔಷಧದ ಹೆಸರು ಹೇಳುತ್ತಿದ್ದಾರೆಂದು ನಾವು ಕಾದು ಕುಳಿತೆವು.

ನಿಕೊಲಾಯ್ ಮೆಟ್ನರ್ ರಷ್ಯ ಬಿಟ್ಟು ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಪಿಯಾನೊ ವಾದಕರು. ವಯಸ್ಸಾಗಿ, ಆರೋಗ್ಯವೂ ಕೆಟ್ಟಿದ್ದ ಕಾಲದಲ್ಲಿ ಅವರ ಕೃತಿಗಳನ್ನು ಅವರ ಕೈಯಲ್ಲೇ ನುಡಿಸಿ ಮುದ್ರಿಸಲೆಂದು ಜಯಚಾಮರಾಜ ಒಡೆಯರು ಹಣ ಕೊಟ್ಟರು, ಮೆಟ್ನರ್ ಸೊಸೈಟಿಯನ್ನೇ ಹುಟ್ಟುಹಾಕಿದರು. ಎಚ್.ಎಂ.ವಿ.ಯ ತಟ್ಟೆಗಳು 1940ರ ದಶಕದ ಕೊನೆಗೆ ಹೊರಬಂದವು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡರು. ಇತ್ತ ಅದೇ ಮಹಾರಾಜರು ಆಸ್ಥಾನ ವಿದ್ವಾಂಸ ಮೈಸೂರು ವಾಸುದೇವಾಚಾರ್ಯರ ಶಿಷ್ಯರಾಗಿ, ‘ಶ್ರೀವಿದ್ಯಾ’ ಅಂಕಿತದಲ್ಲಿ 90ಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. 1938ರಲ್ಲಿ ಅವರು ಪದವಿ ಪಡೆದದ್ದು ನಮ್ಮ ಕಾಲೇಜಿನಿಂದಲೇ. ಅವರ ಕುರಿತ ಭಾಷಣಗಳಲ್ಲಿ ಚಿನ್ನದ ಪದಕಗಳ ಮಾತು ತಪ್ಪದೆ ಬರುತ್ತದೆ, ಮೆಟ್ನರ್ ಮಾತ್ರ ಬರುವುದಿಲ್ಲ. ನನಗೆ ಪದಕಗಳಿಗಿಂತ ಆ ತಟ್ಟೆಗಳೇ ದೊಡ್ಡವು.

ಹಳೆಯ ಕಾಲದ ಗಾಯಕಿ ಗೌಹರ್ ಜಾನ್ ತಮ್ಮ ತಟ್ಟೆಗಳ ಕೊನೆಗೆ ಹೆಸರು ಹೇಳಿಕೊಳ್ಳುವುದು ಜಂಬವೇ ಎಂದೊಬ್ಬ ಕೇಳಿದ್ದ. ಅಲ್ಲ, 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದು ಜರ್ಮನಿಗೆ ಹೋಗಿ ತಟ್ಟೆಯಾಗಿ ಬರಬೇಕಿತ್ತು, ಅಲ್ಲಿನವರಿಗೆ ಯಾರ ಹಾಡೆಂದು ಗುರುತು ಬೇಕಿತ್ತು. ಆಕೆ 1928ರಲ್ಲಿ ಮೈಸೂರು ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ಇಲ್ಲೇ ಕಣ್ಣು ಮುಚ್ಚಿದರು. ನಮ್ಮ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದಲೇ ‘ಆಕಾಶವಾಣಿ’ ಬಾನುಲಿ ಶುರುಮಾಡಿದ್ದು 1935ರಲ್ಲಿ. ಐದಾರು ವರ್ಷ ಮೊದಲೇ ಶುರುವಾಗಿದ್ದರೆ ಗೌಹರ್ ಜಾನ್ ಅಲ್ಲಿ ಹಾಡುತ್ತಿದ್ದರೇನೋ.

ಉತ್ತರವೇ ಸಿಗದ ಚೀಟಿ ನನ್ನದು. ನಮ್ಮ ಅಜ್ಜಿಯ ಟ್ರಂಕಿನಲ್ಲಿ ಕಂಪನಿ ನಾಟಕವೊಂದರ ಹಾಡಿನ ಪುಸ್ತಕವಿತ್ತು. ರಟ್ಟು ಹೋಗಿ, ಮೊದಲ ಪುಟವೂ ಹೋಗಿ, ನಾಟಕದ ಹೆಸರೇ ಇಲ್ಲ. ಪ್ರತಿ ಹಾಡಿನ ನೆತ್ತಿಯ ಮೇಲೆ ರಾಗ, ತಾಳ. ಪಕ್ಕದಲ್ಲಿ ಇನ್ನೊಂದು ಹಾಡಿನ ಮೊದಲ ಎರಡು ಪದ, ಮುಂದೆ ‘ಎಂಬ ಮಟ್ಟು’, ಅಂದರೆ ಇದನ್ನು ಆ ಹಾಡಿನ ಧಾಟಿಯಲ್ಲಿ ಹಾಡಿ ಎಂದು. ಆಗಿನವರಿಗೆ ಅಷ್ಟು ಸಾಕಿತ್ತು. ಆ ಹಾಡನ್ನು ಹುಡುಕಿ ಹೊರಟರೆ ಅದು ಬೇರೊಂದು ನಾಟಕದ್ದು, ಅದರ ನೆತ್ತಿಯ ಮೇಲೆ ಮತ್ತೊಂದರ ಮಟ್ಟು. ಸಿನಿಮಾದ ಕಥೆಯೂ ಬೇರೆಯಲ್ಲ: ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ.

ಆ ಪುಸ್ತಕದ ನೆರಳಚ್ಚನ್ನು ಈಗ ಕನ್ನಡ ವಿಭಾಗಕ್ಕೆ ಕೊಟ್ಟಿದ್ದೇನೆ. ನಡುವಿನ ಪುಟದಲ್ಲಿ ಜೋಗುಳವೊಂದಿದೆ, ರಾಗ ಜಂಝೂಟಿ ಎಂದು ಅಚ್ಚಾಗಿದೆ. ಅಜ್ಜಿ ಹಾಡುತ್ತಿದ್ದದ್ದು ಖಂಡಿತ ಜಂಝೂಟಿಯಲ್ಲ. ಹಾಡಬಲ್ಲ ಅಜ್ಜಿ ಮನೆಯಲ್ಲಿರುವ ವಿದ್ಯಾರ್ಥಿಗಳು ಆ ಪುಟವನ್ನು ಒಯ್ದು ತೋರಿಸಿದರೆ ಉಪಕಾರವಾಗುತ್ತದೆ. ಮಟ್ಟು ಹಿಡಿದು ತಂದವರಿಗೆ ಕಾಫಿ ನನ್ನ ಲೆಕ್ಕ, ಮಸಾಲೆ ದೋಸೆಯೂ.