ವಿಜಯಪುರದಿಂದ ಶ್ರೀ ವಿಜಯಪುರಂಗೆ: ನಾಲ್ಕು ಮಂದಿ, ಆರು ರಾತ್ರಿ, ಒಂದು ಲಕ್ಷದ ಲೆಕ್ಕ

"ವಿಜಯಪುರದಿಂದ ವಿಜಯಪುರಕ್ಕ ಹೊಂಟೀರೇನ್ರಿ?" ಅಂತ ಓಣಿಯವರು ನಕ್ಕಿದ್ದೇ ನಕ್ಕಿದ್ದು. ನಮ್ಮ ಬಿಜಾಪುರ 2014ರಲ್ಲಿ ವಿಜಯಪುರ ಆಯಿತು. ಹತ್ತು ವರ್ಷ ಬಿಟ್ಟು, 2024ರ ಸೆಪ್ಟೆಂಬರ್‌ನಲ್ಲಿ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಅಂತ ಹೆಸರಿಟ್ಟರು. ಟಿಕೆಟ್ ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ. ವಿಮಾನದ ಕೋಡ್ ಮಾತ್ರ ಹಳೆಯದೇ, ಐಎಕ್ಸ್‌ಝಡ್.

ನಾನು ಸೌಹಾರ್ದ ಸಹಕಾರಿಯೊಂದರಲ್ಲಿ ಲೆಕ್ಕ ಬರೆಯುವವಳು. ನಮ್ಮ ಮನೆಯವರದು ತಿಕೋಟಾ ಕಡೆ ದ್ರಾಕ್ಷಿ ತೋಟ. ಜೊತೆಗೆ ಅತ್ತೆ, ಹನ್ನೊಂದು ವರ್ಷದ ಮಗ. ಸಮುದ್ರದ ನಡುವೆ ಒಂದು ವಾರ ಇರಬೇಕು ಅನ್ನುವುದು ಮಗನ ಹಟ. ಒಂದು ಲಕ್ಷ ದಾಟಬಾರದು ಅನ್ನುವುದು ನನ್ನ ಹಟ. ಕೊನೆಗೆ ಎಂಟು ಸಾವಿರ ದಾಟಿತು, ಅದನ್ನು ಮುಂದೆ ಹೇಳುತ್ತೇನೆ.

ಯಾವ ದ್ವೀಪ ಅಂತ ಹುಡುಕಲು ಕೂತಾಗ ಮೊದಲು ತಪ್ಪು ಮಾಡಿದ್ದು ನಾನೇ. ಮೊಬೈಲಿನಲ್ಲಿ ರೂಮಿನ ಬಾಡಿಗೆ ನೋಡಿ "ಅರೆ, ಇದು ಸೋವಿ ಐತಲ್ಲ" ಅಂದುಕೊಂಡೆ. ದ್ವೀಪದ ಖರ್ಚನ್ನು ದ್ವೀಪದಲ್ಲಿ ಇಳಿದ ಮೇಲೆ ಎಣಿಸಿದರೆ ಮೋಸ ಹೋಗುತ್ತೇವೆ. ನಮ್ಮ ಮನೆ ಹೊಸ್ತಿಲಿಂದ ಹಿಡಿದು ವಾಪಸ್ ಹೊಸ್ತಿಲಿಗೆ ಬರುವ ತನಕ ಎಣಿಸಬೇಕು. ಹಾಗೆ ಎಣಿಸಿದಾಗ ಪಟ್ಟಿ ತಾನೇ ಸಣ್ಣದಾಯಿತು.

ಬಾಲಿಯಲ್ಲಿ ರೂಮು, ಊಟ ಸೋವಿ, ನಿಜ. ಆದರೆ ಇಳಿದ ಕೂಡಲೇ ವೀಸಾಕ್ಕೆ ಒಬ್ಬರಿಗೆ 5 ಲಕ್ಷ ರುಪಯ್ಯಾ, ಮೇಲೆ ಪ್ರವಾಸಿ ಶುಲ್ಕ 1.5 ಲಕ್ಷ ರುಪಯ್ಯಾ. ಹೆದರಬೇಡಿ, ಅವರ ದುಡ್ಡಿನ ಬೆಲೆ ಕಡಿಮೆ. ನಮ್ಮ ಲೆಕ್ಕದಲ್ಲಿ ಮೂರೂವರೆ ಸಾವಿರದ ಹತ್ತಿರ. ಆದರೂ ನಾಲ್ಕು ಮಂದಿಗೆ ಹದಿನಾಲ್ಕು ಸಾವಿರ ಬರೀ ಬಾಗಿಲಲ್ಲೇ ಹೋಯಿತು. ನಮ್ಮಲ್ಲಿ ಯಾರಿಗೂ ಪಾಸ್‌ಪೋರ್ಟ್ ಇರಲಿಲ್ಲ. ಅದಕ್ಕೂ ದೊಡ್ಡವರಿಗೆ 1,500, ಮಗನಿಗೆ 1,000.

ಮಾಲ್ಡೀವ್ಸ್‌ಗೆ ವೀಸಾ ಖರ್ಚಿಲ್ಲ. ನೀರಿನ ಮೇಲಿನ ಮರದ ಮನೆಗಳು ನಮ್ಮಂಥವರಿಗಲ್ಲ ಬಿಡಿ. ಮಾಫುಶಿಯಂಥ ಜನ ವಾಸ ಇರುವ ದ್ವೀಪಗಳಲ್ಲಿ ಗೆಸ್ಟ್ ಹೌಸ್ ಸಿಗುತ್ತವೆ. ಗಂಡ ಹೆಂಡತಿ ಇಬ್ಬರೇ ಹೋಗುವವರು, ಪಾಸ್‌ಪೋರ್ಟ್ ಇದ್ದವರು ಅದನ್ನು ನೋಡಬಹುದು. ಆದರೆ ಬೆಳ್ಳುಳ್ಳಿಯನ್ನೂ ಸೋಮವಾರ ಮುಟ್ಟದ ಅತ್ತೆಯನ್ನು ಕರೆದುಕೊಂಡು ಮೀನೂಟದ ದೇಶಕ್ಕೆ ಹೋಗುವ ಧೈರ್ಯ ನನಗಾಗಲಿಲ್ಲ. ಶ್ರೀಲಂಕಾವನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇವೆ.

ಲಕ್ಷದ್ವೀಪ ನಮ್ಮ ದೇಶದ್ದೇ, ಹತ್ತಿರವೂ ಹೌದು. ಅಲ್ಲಿಗೆ ಪರವಾನಗಿ ಬೇಕು. ಕೊಚ್ಚಿಗೆ ಹೋಗಿ ಹಡಗು ಹಿಡಿಯಬೇಕು ಇಲ್ಲವೇ ಅಲ್ಲಿನ ಅಗತ್ತಿ ದ್ವೀಪಕ್ಕೆ ವಿಮಾನ. ಉಳಿಯುವ ಜಾಗ ಕಡಿಮೆ ಇರುವುದರಿಂದ ನಮ್ಮ ತಾರೀಖಿಗೆ ಎಲ್ಲ ಕೂಡಿ ಬರಲಿಲ್ಲ. ಅಂಡಮಾನಿನ ಪ್ರವಾಸಿ ದ್ವೀಪಗಳಿಗೆ ನಮ್ಮ ದೇಶದವರಿಗೆ ಅಂಥ ಪರವಾನಗಿ ಬೇಡ, ಆಧಾರ್ ಕಾರ್ಡ್ ಸಾಕು. ಅಲ್ಲಿಗೆ ತೀರ್ಮಾನ ಆಯಿತು.

ಕೈಯಲ್ಲಿ 30 ಸಾವಿರವಷ್ಟೇ ಇದೆ ಅನ್ನುವವರು ಸುಮ್ನೆ ಸಾಲ ಮಾಡಬೇಡಿ. ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರಿಸ್ ದ್ವೀಪದ ಕಲ್ಲಿನ ಕಂಬಗಳನ್ನು ನೋಡಿ, ಮುರುಡೇಶ್ವರದಲ್ಲಿ ಎರಡು ದಿನ ಇದ್ದು ಬನ್ನಿ. ಸಮುದ್ರದೊಳಗೆ ಇಳಿಯುವ ಆಸೆ ಇದ್ದರೆ ನೇತ್ರಾಣಿ ಅಲ್ಲೇ ಇದೆ. ಸೇಂಟ್ ಮೇರಿಸ್‌ನಲ್ಲಿ ರಾತ್ರಿ ಉಳಿಯಲು ಆಗುವುದಿಲ್ಲ, ಮಳೆಗಾಲದಲ್ಲಿ ಬೋಟೂ ಇರುವುದಿಲ್ಲ.

ಯಾವಾಗ ಹೋಗಬೇಕು ಅನ್ನುವುದನ್ನು ನಮ್ಮಲ್ಲಿ ತೋಟ ನಿರ್ಧರಿಸುತ್ತದೆ. ದ್ರಾಕ್ಷಿ ಕೊಯ್ದು, ಶೆಡ್ಡಿನಲ್ಲಿ ಒಣಗಿಸಿ, ಏಪ್ರಿಲ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿಯುವ ತನಕ ನಮ್ಮ ಮನೆಯವರು ಅಲುಗುವವರಲ್ಲ. ಮಗನಿಗೆ ರಜೆಯೂ ಆಗಲೇ. ಹಾಗಾಗಿ ಏಪ್ರಿಲ್ ಕೊನೆಯ ವಾರ. ಪ್ರವಾಸ ಮಾಡಿಸುವ ಒಬ್ಬರು "ಬ್ಯಾಸಿಗಿ ಒಳಗ ಅಂಡಮಾನಾ? ಡಿಸೆಂಬರ್‌ದಾಗ ಹೋಗ್ರಿ" ಅಂದರು. ಡಿಸೆಂಬರ್, ಜನವರಿಯಲ್ಲಿ ರೂಮು, ಟಿಕೆಟ್ ಎಲ್ಲ ದುಬಾರಿ. ಏಪ್ರಿಲ್‌ನಲ್ಲಿ ಸಮುದ್ರ ಶಾಂತ ಇರುತ್ತದೆ, ನೀರು ತಿಳಿಯಾಗಿರುತ್ತದೆ. ಬಿಸಿಲು ಇದೆ, ಬೆವರು ಜಾಸ್ತಿ. ಆದರೆ ಊರಲ್ಲಿ 42 ಡಿಗ್ರಿ ಕಂಡವರಿಗೆ ಅಲ್ಲಿನ 32, 33 ಏನು ಮಹಾ? ಒಂದೇ ಎಚ್ಚರ, ಮೇ ಎರಡನೇ ವಾರದೊಳಗೆ ವಾಪಸ್ ಬಂದುಬಿಡಿ. ಮುಂಗಾರು ನಮ್ಮ ದೇಶದಲ್ಲಿ ಮೊದಲು ಕಾಲಿಡುವುದೇ ಅಂಡಮಾನಿನಲ್ಲಿ, ಸಾಮಾನ್ಯವಾಗಿ ಮೇ 20ರ ಆಸುಪಾಸು. ಆಮೇಲೆ ಗಾಳಿ ಎದ್ದರೆ ಹಡಗು ನಿಲ್ಲಿಸುತ್ತಾರೆ.

ವಿಮಾನದ ಟಿಕೆಟನ್ನು ಫೆಬ್ರವರಿ ಮೊದಲ ವಾರದಲ್ಲೇ ತೆಗೆಸಿದೆವು. ಬೆಂಗಳೂರಿನಿಂದ ಹೋಗಿ ಬರಲು ಒಬ್ಬರಿಗೆ 11,800 ಬಿತ್ತು. ಹೈದರಾಬಾದ್, ಚೆನ್ನೈ ಬೆಲೆಯನ್ನೂ ನೋಡಿ, ಕೆಲವು ದಿನ ಕಡಿಮೆ ಇರುತ್ತದೆ. ಆದರೆ ನಮಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಮನೆ ಬಾಗಿಲಿಗೆ ಬಂದ ಹಾಗೆ. ಸಂಜೆ ಹತ್ತಿ ಮಲಗಿದರೆ ಮರುದಿನ ಬೆಂಗಳೂರು. ಅದೇ ದಿನದ ವಿಮಾನ ಹಿಡಿಯುವ ಸಾಹಸ ಮಾತ್ರ ಮಾಡಬೇಡಿ. ರೈಲು ಎರಡು ತಾಸು ತಡವಾದರೆ 47 ಸಾವಿರ ನೀರಿಗೆ ಹೋಗುತ್ತದೆ. ನಾವು ನಾದಿನಿ ಮನೆಯಲ್ಲಿ ಒಂದು ರಾತ್ರಿ ಇದ್ದೆವು. ಅವರ ಮನೆಗೆ ಎರಡು ಕೇಜಿ ಒಣದ್ರಾಕ್ಷಿ ಕೊಟ್ಟಿದ್ದೇ ಬಾಡಿಗೆ.

ಇನ್ನು ಬುತ್ತಿ. ಅತ್ತೆ ಅರವತ್ತು ಖಡಕ್ ರೊಟ್ಟಿ ಕಟ್ಟಿಸಿಕೊಂಡಿದ್ದರು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಚೆಕ್-ಇನ್ ಬ್ಯಾಗಿನಲ್ಲಿ ಒಣ ಕೊಬ್ಬರಿ ಬಿಡುವುದಿಲ್ಲ, ಬೆಂಕಿ ಹತ್ತುವ ವಸ್ತು ಅಂತ. ಬಟ್ಟಲು ಕೊಬ್ಬರಿ ಇದ್ದರೆ ಮನೆಯಲ್ಲೇ ತೆಗೆದಿಡಿ. ರೊಟ್ಟಿಗೇನೂ ತಕರಾರು ಬರಲಿಲ್ಲ. ತಕರಾರು ತೆಗೆದದ್ದು ಅಲ್ಲಿನ ಹವೆ. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಎರಡನೇ ದಿನಕ್ಕೆ ಹಪ್ಪಳ ನೆನೆದ ಹಾಗೆ ಮೆತ್ತಗಾಗಿದ್ದವು. ಊರಲ್ಲಿ ತಿಂಗಳು ಇಟ್ಟರೂ ಕಟಕಟ ಅನ್ನುವ ರೊಟ್ಟಿ! ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿದ್ದ ಇಪ್ಪತ್ತು ಮಾತ್ರ ಕೊನೆಯ ತನಕ ಬಂದವು. ನೀವು ಎಲ್ಲವನ್ನೂ ಡಬ್ಬಿಯಲ್ಲೇ ಒಯ್ಯಿರಿ. ಶ್ರೀ ವಿಜಯಪುರಂನಲ್ಲಿ ತಮಿಳರು ಬಹಳ ಇದ್ದಾರೆ, ಅಬರ್ಡೀನ್ ಬಜಾರಿನಲ್ಲಿ ಇಡ್ಲಿ, ದೋಸೆ, ಅನ್ನ ಸಾಂಬಾರಿಗೆ ಕೊರತೆ ಇಲ್ಲ. ಸಣ್ಣ ದ್ವೀಪಗಳಲ್ಲಿ ಸಸ್ಯಾಹಾರ ಸಿಗುತ್ತದೆ, ಆದರೆ ಬೆಲೆ ಒಂದೂವರೆ ಪಟ್ಟು. ದಿನಕ್ಕೆ ಒಂದು ಊಟ ಹಿಂಡಿ, ಮೊಸರಿನಲ್ಲಿ ಮುಗಿಸಿದ್ದಕ್ಕೇ ಏಳು ದಿನದ ಊಟ 11 ಸಾವಿರದಲ್ಲಿ ಆಯಿತು.

ಮೊದಲ ಎರಡು ರಾತ್ರಿ ಶ್ರೀ ವಿಜಯಪುರಂ. ಸೆಲ್ಯುಲರ್ ಜೈಲಿಗೆ ಅರ್ಧ ದಿನ ಇಡಿ. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಕಟ್ಟಡ. ನಡುವೆ ಗೋಪುರ, ಸುತ್ತ ಸೈಕಲ್ ಕಡ್ಡಿಯ ಹಾಗೆ ಏಳು ಸಾಲು ಇದ್ದವು, ಈಗ ಮೂರು ಉಳಿದಿವೆ. ಒಂದು ಸಾಲಿನ ಕೋಣೆಗಳ ಬಾಗಿಲು ಮುಂದಿನ ಸಾಲಿನ ಬೆನ್ನಿಗೆ. ಒಬ್ಬರ ಮುಖ ಒಬ್ಬರಿಗೆ ಕಾಣಬಾರದು ಅಂತಲೇ ಹಾಗೆ ಕಟ್ಟಿದ್ದು. ಗೋಲಗುಂಬಜ್‌ನಲ್ಲಿ ಕೂಗಿ ಕೂಗಿ ರೂಢಿಯಾದ ನನ್ನ ಮಗ ಅಲ್ಲಿ ಒಂದು ಕೋಣೆಯೊಳಗೆ ಹೋಗಿ ಬಾಯಿ ತೆರೆಯಲಿಲ್ಲ.

ಇನ್ನೊಂದು ವಿಷಯ ಮೊದಲೇ ತಿಳಿದಿದ್ದರೆ ಒಂದು ದಿನ ಉಳಿಯುತ್ತಿತ್ತು. ಅಲ್ಲಿಯೂ ನಮ್ಮದೇ ಗಡಿಯಾರ, ಆದರೆ ಊರು ಪೂರ್ವಕ್ಕೆ ಬಹಳ ದೂರ. ಸೂರ್ಯ ನಮಗಿಂತ ಒಂದು ತಾಸಿಗೂ ಹೆಚ್ಚು ಮುಂಚೆ ಹುಟ್ಟಿ, ಅಷ್ಟೇ ಮುಂಚೆ ಮುಳುಗುತ್ತಾನೆ. ಏಪ್ರಿಲ್‌ನಲ್ಲೇ ಐದೂವರೆಗೆ ಮುಳುಗಿದ. ಡಿಸೆಂಬರ್‌ನಲ್ಲಿ ಐದಕ್ಕೇ ಕತ್ತಲು. ಊಟ ಮಾಡಿ ಮಲಗಿ ಎದ್ದು ಆರಾಮಾಗಿ ಬೀಚಿಗೆ ಹೋಗೋಣ ಅಂದರೆ ಮುಗಿಯಿತು. ಮುಂಜಾನೆ ಐದಕ್ಕೆ ಎದ್ದರೆ ಮಾತ್ರ ಪೂರ್ತಿ ದಿನ ಕೈಗೆ ಸಿಗುತ್ತದೆ.

ದುಡ್ಡು ನಿಜವಾಗಿ ಸೋರುವುದು ಹಡಗಿನಲ್ಲಿ. ಹ್ಯಾವ್ಲಾಕ್‌ಗೆ (ಈಗ ಸ್ವರಾಜ್ ದ್ವೀಪ) ಖಾಸಗಿ ಹಡಗು ಒಂದೂವರೆ ತಾಸಿನಲ್ಲಿ ಮುಟ್ಟಿಸುತ್ತದೆ. ಒಬ್ಬರಿಗೆ 1,500 ಕೊಟ್ಟೆವು. ಸರಕಾರಿ ಹಡಗು ಅದರ ಅರ್ಧಕ್ಕಿಂತ ಕಡಿಮೆ, ಎರಡೂವರೆ ತಾಸು ಹಿಡಿಯುತ್ತದೆ, ಟಿಕೆಟ್ ಬೇಗ ಖಾಲಿಯಾಗುತ್ತದೆ. ಖಾಸಗಿಯದರಲ್ಲಿ ಏಸಿ, ಮೆತ್ತನೆ ಕುರ್ಚಿ, ತೆರೆಯಲಾಗದ ಕಿಟಕಿ. ಅರ್ಧ ತಾಸಿಗೇ ಅತ್ತೆಗೆ ವಾಂತಿ ಶುರುವಾಯಿತು. ವಾಂತಿ ಗುಳಿಗೆ ನನ್ನ ಪರ್ಸಿನಲ್ಲೇ ಇತ್ತು, ಹತ್ತುವ ಮೊದಲು ಕೊಡಬೇಕಿತ್ತು. ವಾಪಸ್ ಬರುವಾಗ ಸರಕಾರಿ ಹಡಗಿನ ಮೇಲಿನ ಡೆಕ್‌ನಲ್ಲಿ ಗಾಳಿಗೆ ಕೂತು ಶೇಂಗಾ ತಿನ್ನುತ್ತ ಬಂದರು, ಏನೂ ಆಗಲಿಲ್ಲ. ಹೆಚ್ಚು ದುಡ್ಡು ಕೊಟ್ಟದ್ದಕ್ಕೆ ವಾಂತಿ, ಕಡಿಮೆ ಕೊಟ್ಟದ್ದಕ್ಕೆ ಸುಖ!

ಆದ್ದರಿಂದ ದ್ವೀಪಗಳ ಸಂಖ್ಯೆ ಕಡಿಮೆ ಮಾಡಿ. ಪ್ಯಾಕೇಜಿನವರು ಏಳು ದಿನದಲ್ಲಿ ಆರೇಳು ಹೆಸರು ತುಂಬಿಸುತ್ತಾರೆ. ನಾವು ಎರಡೇ ಇಟ್ಟುಕೊಂಡೆವು, ಹ್ಯಾವ್ಲಾಕ್ ಎರಡು ರಾತ್ರಿ, ನೀಲ್ ಒಂದು ರಾತ್ರಿ. ಸುಣ್ಣದ ಕಲ್ಲಿನ ಗುಹೆಗಳಿರುವ ಬಾರಾಟಾಂಗ್ ದ್ವೀಪವನ್ನು ಕೈಬಿಟ್ಟೆವು. ಆ ದಾರಿ ಜರಾವಾ ಬುಡಕಟ್ಟಿನ ಜನರ ಕಾಡಿನೊಳಗೆ ಹೋಗುತ್ತದೆ, ವಾಹನಗಳನ್ನು ಗುಂಪಾಗಿ ಬಿಡುತ್ತಾರೆ, ನಿಲ್ಲಿಸುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ. ಗುಹೆ ನೋಡಲು ಅಂತ ಹೇಳಿ ಹಲವರು ಹೋಗುವುದು ಆ ಜನರನ್ನು ಇಣುಕಲು. ನನಗೆ ಅದು ಸರಿ ಅನ್ನಿಸಲಿಲ್ಲ.

ಹ್ಯಾವ್ಲಾಕ್‌ನಲ್ಲಿ ನಮ್ಮ ರೂಮು "ಸಮುದ್ರ ಕಾಣುವ ರೂಮು" ಅಂತಿತ್ತು. ಕಂಡದ್ದು ಬಾಳೆ ಗಿಡ, ಅದರ ಹಿಂದೆ ನೀರಿನ ಟಾಕಿ. ಫೋಟೊ ನೋಡಿ ಜಾಸ್ತಿ ಕೊಡಬೇಡಿ, ಹೇಗಿದ್ದರೂ ದಿನವೆಲ್ಲ ಹೊರಗೇ ಇರುತ್ತೀರಿ. ಜೆಟ್ಟಿಯಿಂದ ರಾಧಾನಗರ ಬೀಚು 12 ಕಿಲೋಮೀಟರ್. ಟ್ಯಾಕ್ಸಿಯವರು ಕೇಳಿದ್ದನ್ನು ಕೇಳಿ ನಮ್ಮ ಮನೆಯವರು ಸರಕಾರಿ ಬಸ್ಸು ಹುಡುಕಿದರು. ಬಸ್ಸು ಇದೆ, ಹೊತ್ತು ಮಾತ್ರ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಲೈಸೆನ್ಸ್ ಒಯ್ದರೆ ಸ್ಕೂಟರ್ ಬಾಡಿಗೆಗೆ ಸಿಗುತ್ತದೆ.

ರಾಧಾನಗರದಲ್ಲಿ ದುಡ್ಡು ಕೊಡುವ ಕೆಲಸವೇ ಇಲ್ಲ. ಬಿಳಿ ಮರಳು, ಹಿಂದೆ ಎತ್ತರದ ಕಾಡು. ಅತ್ತೆ ಸೀರೆ ಮೊಣಕಾಲಿಗೆ ಎತ್ತಿ ನೀರಲ್ಲಿ ನಿಂತು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟ್ ನೀರ್ ಐತಿ, ಒಂದ್ ಚರಗಿ ಕುಡ್ಯಾಕ ಬರಂಗಿಲ್ಲ ನೋಡವ್ವಾ" ಅಂದರು. ಟ್ಯಾಂಕರ್ ಕಾದು ಕಾದು ಬೇಸಿಗೆ ಕಳೆದವರ ಮಾತು ಅದು. ಇಲ್ಲಿ ಮೊಸಳೆಯ ಎಚ್ಚರಿಕೆ ಫಲಕಗಳಿರುತ್ತವೆ, ತಮಾಷೆ ಅಂದುಕೊಳ್ಳಬೇಡಿ. ಕಾವಲಿನವರು ತೋರಿಸಿದ ಜಾಗದಲ್ಲೇ ಇಳಿಯಿರಿ.

ಎಲಿಫೆಂಟ್ ಬೀಚಿಗೆ ಬೋಟು, ಮುಖವಾಡ ಹಾಕಿ ಹವಳ ನೋಡುವುದು ಸೇರಿ ಒಬ್ಬರಿಗೆ 1,200. ನಾವು ಮೂವರು ಹೋದೆವು. ಇಡೀ ಪ್ರವಾಸದಲ್ಲಿ ಮತ್ತೆ ಕೊಡು ಅಂದರೆ ಖುಷಿಯಿಂದ ಕೊಡುವ ದುಡ್ಡು ಅದೊಂದೇ. ಈಜು ಬಾರದ ನಾನೇ ನೀರಲ್ಲಿ ಮುಖ ಇಟ್ಟು ಅರಿಶಿಣ ಬಣ್ಣದ ಮೀನು ನೋಡಿದೆ. ನೀರಿನ ಸ್ಕೂಟರ್, ಸೋಫಾ ಸವಾರಿ ಅಂತ ಕರೆಯುತ್ತಾರೆ. ಅವೆಲ್ಲ ಗೋವಾದಲ್ಲೂ ಇವೆ, ಬಿಡಿ.

ನೀಲ್ (ಶಹೀದ್ ದ್ವೀಪ) ಬಗ್ಗೆ ಯಾರೂ ನಮಗೆ ಜಾಸ್ತಿ ಹೇಳಿರಲಿಲ್ಲ. ಒಂದೇ ರಾತ್ರಿ ಇಟ್ಟಿದ್ದು ನನ್ನ ತಪ್ಪು, ನೀವು ಎರಡು ಇಡಿ. ಸಣ್ಣ ಊರು, ಸಮತಟ್ಟು, ಸೈಕಲ್ಲಿನಲ್ಲೇ ತಿರುಗಬಹುದು, ರೂಮೂ ಸೋವಿ. ಅಂಡಮಾನಿಗೆ ತರಕಾರಿ ಬೆಳೆಯುವ ದ್ವೀಪ ಇದು. ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಹೊಲಗಳು. ನಮ್ಮ ಮನೆಯವರು ಬೀಚು ಮರೆತು ಬದನೆ ಮಡಿಯ ಬದುವಿನ ಮೇಲೆ ನಿಂತುಬಿಟ್ಟರು. ಇವರಿಗೆ ಬಂಗಾಳಿ ಬರುವುದಿಲ್ಲ, ಆ ರೈತನಿಗೆ ಕನ್ನಡ ಬರುವುದಿಲ್ಲ. ಇಬ್ಬರ ಹರಕು ಹಿಂದಿಯಲ್ಲಿ ಕಾಯಿಕೊರಕದ ಔಷಧದ ಬಗ್ಗೆ ಅರ್ಧ ತಾಸು ಮಾತು. ಅಲ್ಲಿ ಸಮುದ್ರದ ದಂಡೆಯಲ್ಲಿ ತಾನಾಗಿಯೇ ಆದ ಕಲ್ಲಿನ ಸೇತುವೆ ನೋಡಲು ನೀರು ಇಳಿದ ಹೊತ್ತಿಗೇ ಹೋಗಬೇಕು. ಲಾಡ್ಜಿನವರನ್ನು ಕೇಳಿದರೆ ಆ ದಿನದ ಇಳಿತದ ಹೊತ್ತು ಹೇಳುತ್ತಾರೆ. ನಮ್ಮ ಪಕ್ಕದ ರೂಮಿನವರು ಭರತದಲ್ಲಿ ಹೋಗಿ ಬರೀ ಅಲೆ ನೋಡಿ ಬಂದರು.

ಲೆಕ್ಕ ಹೀಗಾಯಿತು. ವಿಮಾನ 47,200, ರೈಲು 3,600, ಹಡಗು 13,800, ಹೆಚ್ಚುವರಿ ಗಾದಿ ಸೇರಿ ಆರು ರಾತ್ರಿಯ ರೂಮು 15,400, ಊಟ 11,000, ಆಟೊ ಬಸ್ಸು ಸ್ಕೂಟರ್ 7,500, ನೀರಾಟ ಮತ್ತು ಗಾಜಿನ ತಳದ ಬೋಟು 5,500, ಟಿಕೆಟು ಸಣ್ಣಪುಟ್ಟದ್ದು 4,000. ಒಟ್ಟು 1,08,000. ಆ ಪ್ರವಾಸದವರು ಇದೇ ದಿನಗಳಿಗೆ, ರೈಲು ಬಿಟ್ಟು, 1,60,000 ಹೇಳಿದ್ದರು. ಎರಡೂ ಕಡೆ ಸರಕಾರಿ ಹಡಗು ಸಿಕ್ಕಿದ್ದರೆ ಇನ್ನೂ ನಾಲ್ಕೈದು ಸಾವಿರ ಇಳಿಯುತ್ತಿತ್ತು. ನಗದು ಕೈಯಲ್ಲಿರಲಿ. ಸಣ್ಣ ದ್ವೀಪಗಳಲ್ಲಿ ಎಟಿಎಂ ಕಡಿಮೆ, ನೆಟ್‌ವರ್ಕ್ ಕೈಕೊಟ್ಟಾಗ ಫೋನ್‌ಪೇ ನಡೆಯುವುದಿಲ್ಲ.

ಕೊನೆಯ ರಾತ್ರಿ ಕಡ್ಡಾಯವಾಗಿ ಶ್ರೀ ವಿಜಯಪುರಂನಲ್ಲೇ ಇರಿ. ಹಡಗು ರದ್ದಾದರೆ ವಿಮಾನ ನಿಮಗಾಗಿ ಕಾಯುವುದಿಲ್ಲ. ಹೊರಡುವ ಮುಂಚೆ ಮಕ್ಕಳ ಜೇಬು ತಡವಿ ನೋಡಿ. ಹವಳ, ಚಿಪ್ಪು ಹೆಕ್ಕಿ ತರುವ ಹಾಗಿಲ್ಲ. ನನ್ನ ಮಗನ ಚಡ್ಡಿ ಜೇಬಿನಲ್ಲಿ ಏಳು ಸಿಕ್ಕವು. ಮೋರೆ ಊದಿಸಿಕೊಂಡೇ ಜೆಟ್ಟಿ ಪಕ್ಕ ಒಂದೊಂದಾಗಿ ನೀರಿಗೆ ಹಾಕಿದ. ಅತ್ತೆ ಡಬ್ಬಿ ತೆರೆದು ಉಳಿದಿದ್ದ ಕೊನೆಯ ಎರಡು ರೊಟ್ಟಿ ಅವನ ಕೈಗಿಟ್ಟರು. ಇನ್ನೂ ಕಟಕಟ ಅನ್ನುತ್ತಿದ್ದವು.