ಕಾಲೇಜಿನ ನಕ್ಷೆ, ಪುನರ್ವಸು ಮಳೆ

ಚಿಕ್ಕಮಗಳೂರು
12 ಜುಲೈ 2025, ಶನಿವಾರ

ಇವತ್ತು ಎರಡನೇ ಶನಿವಾರ, ಕಾಲೇಜಿಗೆ ರಜೆ. ಆದರೂ ಬೆಳಿಗ್ಗೆ ಒಂಬತ್ತಕ್ಕೆ ಕೊಡೆ ಹಿಡಿದು ಹೊರಟೆ. ಪುನರ್ವಸು ಮಳೆ ಹಿಡಿದು ವಾರವಾಯಿತು. ನಿನ್ನೆ ರಾತ್ರಿಯಿಂದ ಹೊಳವಾಗಿಲ್ಲ, ಒಂದು ಗಳಿಗೆಯೂ ಬಿಟ್ಟಿಲ್ಲ. ನನಗೆ ಇಂಥ ದಿನವೇ ಬೇಕಿತ್ತು.

ನಮ್ಮ ಕಾಲೇಜಿಗೆ 2040ರವರೆಗಿನ ಮಾಸ್ಟರ್ ಪ್ಲಾನ್ ತಯಾರಾಗುತ್ತಿದೆ. ಭೂಗೋಳ ಪಾಠ ಮಾಡುವವಳು ಅಂತ ನನ್ನನ್ನೂ ಸಮಿತಿಗೆ ಸೇರಿಸಿದ್ದಾರೆ. ಬುಧವಾರ ಮೀಟಿಂಗ್. ಮೊನ್ನೆ ನಕ್ಷೆ ಕೈಗೆ ಬಂತು. ಬಣ್ಣ ಬಣ್ಣದ ದೊಡ್ಡ ಹಾಳೆ. ಎರಡು ಹೊಸ ಬ್ಲಾಕ್, ಎಂಟು ತರಗತಿ ಕೊಠಡಿ, ಒಳಾಂಗಣ ಕ್ರೀಡಾಂಗಣ, ಪಾರ್ಕಿಂಗ್. ಹಳೇ ಹೆಂಚಿನ ಕಟ್ಟಡದ ಮೇಲೆ ಕೆಂಪು ಗೀಟು, ಅಂದರೆ ಕೆಡವುವುದು. ನೋಡೋಕೆ ಚೆನ್ನಾಗಿದೆ. ಆದರೆ ಆ ಹಾಳೆಯಲ್ಲಿ ಎಲ್ಲಿಯೂ ಮಳೆ ಇಲ್ಲ. ಅದಕ್ಕೇ ಮಳೆಯಲ್ಲೇ ಒಂದು ಸುತ್ತು ಹಾಕಿ ಬರೋಣ ಅನಿಸಿತು.

ಗೇಟಿನಲ್ಲಿ ನಮ್ಮ ಹಿರಿಯ ಅಟೆಂಡರ್ ಸಿಕ್ಕರು. ರಜೆ ದಿನವೂ ಬಂದಿದ್ದರು. ಲೈಬ್ರರಿಯಲ್ಲಿ ಬಕೆಟ್ ಇಟ್ಟಿರುತ್ತಾರಲ್ಲ, ಅದನ್ನು ಖಾಲಿ ಮಾಡೋಕೆ. ಅವರು ಇಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತೊಂಬತ್ತು ವರ್ಷ. ನಾನು ಬಂದು ಹನ್ನೊಂದು. ನಕ್ಷೆ ಪ್ಲಾಸ್ಟಿಕ್ ಕವರಿನಲ್ಲಿತ್ತು. ಜಗಲಿಯ ಮೇಲೆ ಬಿಡಿಸಿ ತೋರಿಸಿದೆ. ಹೊಸ ಬ್ಲಾಕ್ ಬರುವ ಜಾಗದ ಮೇಲೆ ಬೆರಳಿಟ್ಟು ಅವರು ತಕ್ಷಣ ಹೇಳಿದರು, "ಇಲ್ಲಿ ಕಟ್ಬೇಡಿ ಮೇಡಂ. ಇದು ನೀರಿನ ಜಾಗ."

"ಬನ್ನಿ, ತೋರಿಸಿ" ಅಂದೆ.

ಸಿಲ್ವರ್ ಓಕ್ ಮರಗಳ ಸಾಲು ದಾಟಿ ಕೆಳಗಿಳಿದೆವು. ನಮ್ಮದು ಆರು ಎಕರೆ, ಮೇಲಿನಿಂದ ಕೆಳಕ್ಕೆ ಇಳಿಜಾರು. ಮೇಲಿನ ರಸ್ತೆ, ಪಕ್ಕದ ಕಾಫಿ ತೋಟ, ನಮ್ಮ ಆಟದ ಮೈದಾನ, ಮೂರರ ನೀರೂ ಒಂದೇ ಮೂಲೆಗೆ ಬರುತ್ತದೆ. ಇವತ್ತು ಆ ಮೂಲೆಯಲ್ಲಿ ಹರಿಯುತ್ತಿದ್ದ ನೀರು ಪಾದ ಮುಳುಗುವಷ್ಟಿತ್ತು. ಬಣ್ಣ ಕಾಫಿ ಡಿಕಾಕ್ಷನ್ ಥರ. ಕಾಂಪೌಂಡಿನ ಬುಡದಲ್ಲಿ ಒಂದು ಪೈಪ್ ಮೋರಿ ಇದೆ, ಎಲ್ಲವೂ ಅದರಲ್ಲೇ ಹೊರಗೆ ಹೋಗಬೇಕು. ಗೋಡೆಯ ಮೇಲೆ ನನ್ನ ಮೊಣಕಾಲಿನ ಎತ್ತರಕ್ಕೆ ಒಣಗಿದ ಮಣ್ಣಿನ ಗೆರೆ ಇತ್ತು. "ಇದು ಯಾವಾಗಿನದು?" ಅಂತ ಕೇಳಿದೆ. "2019ರದ್ದು ಮೇಡಂ. ಆಗಸ್ಟ್ ತಿಂಗಳು. ಮೋರಿ ಕಟ್ಟಿಕೊಂಡಿತ್ತು, ನಾವು ಹಾರೆ ತಗೊಂಡು ಗೋಡೆ ಒಡೆದ್ವಿ." ಆ ಆಗಸ್ಟ್ ನಮ್ಮ ಜಿಲ್ಲೆಯವರಿಗೆ ಮರೆಯುವಂಥದ್ದಲ್ಲ. ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಕುಸಿದು ಮನೆಗಳೇ ಹೋಗಿದ್ದು ಆವಾಗ.

ನಕ್ಷೆಯಲ್ಲಿ ಅದೇ ಮೂಲೆಗೆ ಮೂರು ಮಹಡಿಯ ಕಟ್ಟಡ ಬರೆದಿದ್ದಾರೆ. ಕಾರಣ ಸುಲಭ. ಬೇಸಿಗೆಯಲ್ಲಿ ಬಂದು ಅಳತೆ ತಗೊಂಡಿದ್ದಾರೆ. ಬೇಸಿಗೆಯಲ್ಲಿ ಅದು ಚೊಕ್ಕ ಖಾಲಿ ಜಾಗವೇ.

ನಮ್ಮಪ್ಪನಿಗೆ ಸ್ವಲ್ಪ ಅಡಿಕೆ ತೋಟ ಇತ್ತು. ಮುಂಗಾರು ಹಿಡಿಯುವ ಮುಂಚೆ, ಗೊಬ್ಬರ ಇಲ್ಲದಿದ್ದರೂ, ಗಿಡ ಸಾಯುತ್ತಿದ್ದರೂ, ಬಸಿಗಾಲುವೆ ಕೆರೆಸುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಕಾಲೇಜಿನ ಪ್ಲಾನ್ ಕೂಡ ಅಲ್ಲಿಂದಲೇ ಶುರುವಾಗಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತಿದೆ. ಎಲ್ಲಿ ಕಟ್ಟಬೇಕು ಅನ್ನುವುದು ಆಮೇಲೆ. ಎಲ್ಲಿ ಕಟ್ಟಬಾರದು ಅನ್ನುವುದಕ್ಕೆ ಮೊದಲು ಗೆರೆ ಬೀಳಬೇಕು.

ಅಲ್ಲಿಂದ ಹೆಂಚಿನ ಕಟ್ಟಡಕ್ಕೆ ಬಂದೆವು. ಇದನ್ನು ಕೆಡವಬೇಕು ಅನ್ನುವವರ ಮುಖ್ಯ ದೂರು ಒಂದೇ, ಸೋರುತ್ತದೆ. ಲೈಬ್ರರಿಯ ಮೂಲೆಯಲ್ಲಿ ಬಕೆಟ್ ಇತ್ತು, ಮುಕ್ಕಾಲು ತುಂಬಿತ್ತು. ಅಟೆಂಡರ್ ಒಂದು ಬಿದಿರು ಗಳ ತಂದು ಒಳಗಿನಿಂದಲೇ ಹೆಂಚನ್ನು ಮೆಲ್ಲಗೆ ಮೇಲಕ್ಕೆ ತಳ್ಳಿ ತೋರಿಸಿದರು. ಹೆಂಚು ಸರಿಯಾಗಿದೆ. ಪಾಚಿ ಕಟ್ಟಿದೆ, ಆದರೆ ಒಡೆದಿಲ್ಲ. ಎರಡು ಮಾಡು ಕೂಡುವ ಕಡೆ ನೀರು ಹರಿಯುವ ದೋಣಿಗೆ ಹಾಕಿದ ತಗಡು ತುಕ್ಕು ಹಿಡಿದು ತೂತಾಗಿದೆ. ಅದರಲ್ಲಿ ಓಕ್ ಎಲೆ ತುಂಬಿ ನೀರು ಒಳಕ್ಕೆ ತಿರುಗುತ್ತಿದೆ. ಅದರ ಕೆಳಗೆ ಮಾಡು ಹೊತ್ತ ಮರದ ಪಕಾಸುಗಳಲ್ಲಿ ಎರಡರ ತುದಿ ಮೆತ್ತಗಾಗಿದೆ, ಉಗುರು ಊರಿದರೆ ಒಳಕ್ಕೆ ಹೋಗುತ್ತದೆ. ಉಳಿದ ಮರವೆಲ್ಲ ಕಬ್ಬಿಣದ ಹಾಗಿದೆ. ಅಂದರೆ ಹೋಗಿರುವುದು ಒಂದು ತಗಡು, ಎರಡು ಪಕಾಸು. ಅದಕ್ಕಾಗಿ ಅರವತ್ತು ವರ್ಷದ ಕಟ್ಟಡಕ್ಕೆ ಕೆಂಪು ಗೀಟು ಎಳೆದಿದ್ದಾರೆ. ನಿಂತಲ್ಲೇ ಹೊಟ್ಟೆ ಉರಿಯಿತು.

ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅವತ್ತಿಂದ ಇವತ್ತಿನವರೆಗೆ ಮಲೆನಾಡಿನ ಮಳೆಗೆ ತಡೆದಿರುವುದು ಈ ಇಳಿಜಾರು ಮಾಡು. ಅದರ ಎದುರಿಗೆ ಈಗಾಗಲೇ ಇರುವ ನಮ್ಮ ಇನ್ನೊಂದು ಬ್ಲಾಕ್ ನೋಡಿ. ಆರ್‌ಸಿಸಿ, ಸಪಾಟು ತಾರಸಿ. ಕಟ್ಟಿ ಹತ್ತು ವರ್ಷ ಆಗಿಲ್ಲ, ಮೇಲಿನ ಮಹಡಿಯ ಗೋಡೆಯಲ್ಲಿ ನೀರಿಳಿದು ಸ್ವಿಚ್ ಮುಟ್ಟೋಕೆ ಭಯ. ಕೊನೆಗೆ ತಾರಸಿ ಮೇಲೆ ಶೀಟ್ ಹೊದಿಸಬೇಕಾಯಿತು. ನಮ್ಮೂರಿನ ಮನೆಗಳಲ್ಲೂ ಇದೇ ಕತೆ ಅಲ್ವಾ? ಮೊದಲು ತಾರಸಿಗೆ ದುಡ್ಡು, ಐದು ವರ್ಷಕ್ಕೆ ಶೀಟಿಗೆ ದುಡ್ಡು. ಹೊಸ ಕಟ್ಟಡ ಬೇಕೇ ಬೇಕು ಅಂತಾದರೆ ಮೊದಲ ದಿನವೇ ಇಳಿಜಾರು ಮಾಡು ಹಾಕಲಿ, ಖರ್ಚು ಒಂದೇ ಸಲ.

ಮಾಡಿನ ನೀರಿನ ಲೆಕ್ಕವನ್ನೂ ಮಾಡಿಕೊಂಡೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಹೆಂಚಿನ ಮಾಡು ಸುಮಾರು 800 ಚದರ ಮೀಟರ್. ಇವತ್ತಿನಂಥ ದಿನ 25 ಮಿಲಿಮೀಟರ್ ಬಿದ್ದರೂ 20,000 ಲೀಟರ್. ಅಷ್ಟೂ ಸೂರಿನಿಂದ ಬಿದ್ದು ಆ ಮೋರಿಗೇ ಹೋಗುತ್ತದೆ. ಮಾರ್ಚ್ ಬಂದರೆ ಶೌಚಾಲಯಕ್ಕೆ ಟ್ಯಾಂಕರ್ ತರಿಸುತ್ತೇವೆ.

ಹನ್ನೊಂದೂವರೆಗೆ ಸ್ಟಾಫ್ ರೂಮಿನಲ್ಲಿ ಕೂತೆ. ಅಟೆಂಡರ್ ಟೀ ಮಾಡಿಕೊಂಡು ಬಂದರು. ಟೈಮ್ ಟೇಬಲ್ ತೆಗೆದು ಕೊಠಡಿಗಳ ಲೆಕ್ಕ ಹಾಕಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜುಗಳು ಕಟ್ಟಡಕ್ಕೆ ರಾಜ್ಯದ ದುಡ್ಡು ಕೇಳಬೇಕಾದರೆ ಐದು ವರ್ಷದ ಯೋಜನೆ ಕೊಡಬೇಕು. ಇರುವ ಜಾಗ ಎಷ್ಟು, ಅದರ ಬಳಕೆ ಎಷ್ಟು ಅನ್ನುವ ಲೆಕ್ಕವನ್ನೂ ಅದರಲ್ಲಿ ತೋರಿಸಬೇಕು. ಆ ಕ್ರಮ ನನಗೆ ಹಿಡಿಸಿತು. ನಮ್ಮಲ್ಲಿ 18 ಕೊಠಡಿ, ವಾರಕ್ಕೆ ತಲಾ 36 ಗಂಟೆ. ಒಟ್ಟು 648 ಗಂಟೆ. ಪಾಠ ನಡೆಯುವುದು 389 ಗಂಟೆ. ನೂರಕ್ಕೆ 60. ಮಧ್ಯಾಹ್ನ ಎರಡರ ಮೇಲೆ ಬಹುಪಾಲು ಕೊಠಡಿ ಖಾಲಿ. ಇನ್ನೂ ಎಂಟು ಕೊಠಡಿ ಯಾರಿಗೆ?

ಮಕ್ಕಳು ಜಾಸ್ತಿಯಾಗುತ್ತಾರೆ ಅನ್ನುವುದು ಎಲ್ಲರ ನಂಬಿಕೆ. ನಮ್ಮ ಜಿಲ್ಲೆಯ ಮಟ್ಟಿಗೆ ಅದು ನಿಜವಲ್ಲ. 2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11.41 ಲಕ್ಷ ಜನ, 2011ರಲ್ಲಿ 11.38 ಲಕ್ಷ. ಇಡೀ ರಾಜ್ಯ ಅದೇ ಹತ್ತು ವರ್ಷದಲ್ಲಿ ನೂರಕ್ಕೆ 15.6ರಷ್ಟು ಬೆಳೆದಿತ್ತು. ನಾವು ಕಡಿಮೆಯಾದೆವು. ಇನ್ನೊಂದು ಮಾತು. 2040ರಲ್ಲಿ ಪದವಿಗೆ ಸೇರುವ ಮಕ್ಕಳು ಆಗಲೇ ಹುಟ್ಟಿದ್ದಾರೆ. 2022ರಲ್ಲಿ ಹುಟ್ಟಿದವರು ಅವರು. ಈಗ ಮೂರು ವರ್ಷ, ಅಂಗನವಾಡಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾರೆ. ಅವರ ಸಂಖ್ಯೆಯನ್ನು ಊಹೆ ಮಾಡಬೇಕಾಗಿಲ್ಲ, ಸುತ್ತಲಿನ ಹೋಬಳಿಗಳ ಅಂಗನವಾಡಿ ರಿಜಿಸ್ಟರ್ ತೆಗೆದು ಎಣಿಸಿದರೆ ಸಾಕು. ಇದನ್ನು ಬುಧವಾರ ಹೇಳಲೇಬೇಕು.

ಹಾಗಂತ ಕಾಲೇಜಿಗೆ ಬರುವವರೆಲ್ಲ ಕಮ್ಮಿಯಾಗಿಬಿಡುತ್ತಾರೆ ಅಂತಲೂ ನಾನು ಹೇಳುವುದಿಲ್ಲ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಅಲ್ಲಿಂದೀಚೆ ಸಖರಾಯಪಟ್ಟಣ, ಆಲ್ದೂರು, ಮಲ್ಲಂದೂರು ಕಡೆಯಿಂದ ಬರುವ ಹುಡುಗಿಯರು ನನ್ನ ತರಗತಿಯಲ್ಲೇ ಜಾಸ್ತಿ ಆಗಿದ್ದಾರೆ. ಬಸ್ ಸಿಗುವ ಹೊತ್ತಿಗೆ ಮನೆ ಬಿಟ್ಟು ಎಂಟೂವರೆಗೇ ಬಂದು ಜಗಲಿಯಲ್ಲಿ ಕೂತಿರುತ್ತಾರೆ. ಒದ್ದೆ ಚಪ್ಪಲಿ, ಒದ್ದೆ ಬ್ಯಾಗು. ಬಟ್ಟೆ ಆರಿಸಿಕೊಳ್ಳೋಕೆ, ಡಬ್ಬಿ ಬಿಚ್ಚಿ ಊಟ ಮಾಡೋಕೆ ಒಂದು ಕೋಣೆ ಇಲ್ಲ. ಐನೂರು ಹುಡುಗಿಯರಿಗೆ ಆರು ಶೌಚಾಲಯ, ಅದರಲ್ಲಿ ಎರಡಕ್ಕೆ ಚಿಲಕವಿಲ್ಲ. ಅವರಿಗೆ ಬೇಕಾಗಿರುವುದು ಎಂಟು ತರಗತಿ ಕೊಠಡಿ ಅಲ್ಲ. ನಾನು ಕೇಳಿದ್ದೇನೆ, ಅವರೇ ಹೇಳಿದ್ದಾರೆ.

ಕೋರ್ಸುಗಳನ್ನು ನಂಬಿ ಗೋಡೆ ಕಟ್ಟುವುದೂ ಕಷ್ಟ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, ನಾಲ್ಕನೇ ವರ್ಷಕ್ಕೆ ಕೊಠಡಿ ಎಲ್ಲಿ ಅಂತ ಓಡಾಡಿದೆವು. 2024ಕ್ಕೆ ರಾಜ್ಯದಲ್ಲಿ ಮತ್ತೆ ಮೂರು ವರ್ಷ ಆಯಿತು. ಮುಂದೆ ಏನು ಬರುತ್ತದೋ. ಅದಕ್ಕೆ ಕಟ್ಟುವ ಒಂದೊಂದು ಕೋಣೆಯೂ ಇವತ್ತು ಪಾಠಕ್ಕೆ, ನಾಳೆ ಲ್ಯಾಬಿಗೆ ಒಗ್ಗುವ ಹಾಗಿರಬೇಕು. ನೀರಿನ ಪೈಪು, ಕರೆಂಟಿನ ಲೈನು ಮೊದಲೇ ಎಳೆದಿಟ್ಟರೆ ಆಯಿತು.

ನಕ್ಷೆಯ ಸಣ್ಣ ಅಕ್ಷರದಲ್ಲಿ ಇನ್ನೊಂದು ತಪ್ಪು ಸಿಕ್ಕಿತು. ಹೊಸ ಬ್ಲಾಕಿನ ರ‍್ಯಾಂಪ್ 12 ಅಡಿ ಉದ್ದ ಅಂತ ಬರೆದಿದೆ. ಪಾಯದ ಎತ್ತರ ಎರಡೂವರೆ ಅಡಿ. ಒಂದು ಅಡಿ ಏರೋಕೆ ಹನ್ನೆರಡು ಅಡಿ ಉದ್ದ ಬೇಕು ಅನ್ನುವುದು ಎಲ್ಲರೂ ಒಪ್ಪಿದ ಅಳತೆ, ಅಂದರೆ 30 ಅಡಿ. ನಮ್ಮ ಬಿಎ ಎರಡನೇ ವರ್ಷದಲ್ಲಿ ಗಾಲಿಕುರ್ಚಿಯ ಹುಡುಗ ಒಬ್ಬನಿದ್ದಾನೆ. ಈಗಿರುವ ರ‍್ಯಾಂಪಿನಲ್ಲಿ ಅವನ ಗೆಳೆಯರಿಬ್ಬರು ಹಿಂದಿನಿಂದ ತಳ್ಳುತ್ತಾರೆ. ಮಳೆಯಲ್ಲಿ ಜಾರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದು ಎಂಟೂವರೆ ವರ್ಷವಾಯಿತು. ಅವನು ಒಬ್ಬನೇ, ಯಾರ ಕೈಯೂ ಇಲ್ಲದೆ ಲೈಬ್ರರಿಗೆ ಹೋಗಿ ಬರಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ದುಡ್ಡಿನ ಪುಟದಲ್ಲಿ ಕಟ್ಟುವ ಖರ್ಚು ಮಾತ್ರ ಇದೆ, ದುರಸ್ತಿಗೆ ಒಂದು ಸಾಲೂ ಇಲ್ಲ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 1990ರಲ್ಲೇ ಒಂದು ಅಂದಾಜು ಕೊಟ್ಟಿದೆ. ಕಟ್ಟಡವನ್ನು ಹೊಸದಾಗಿ ಕಟ್ಟೋಕೆ ಎಷ್ಟಾಗುತ್ತದೋ ಅದರ ನೂರಕ್ಕೆ 2ರಿಂದ 4 ಭಾಗ ಪ್ರತಿ ವರ್ಷ ನಿರ್ವಹಣೆಗೆ ಬೇಕು ಅಂತ. ನಾಲ್ಕು ಕೋಟಿಯ ಕಟ್ಟಡಕ್ಕೆ ವರ್ಷಕ್ಕೆ 8ರಿಂದ 16 ಲಕ್ಷ. ನಮಗೆ ಅಷ್ಟೆಲ್ಲ ಸಿಗದೇ ಇರಬಹುದು. ಒಂದು ತಗಡು ಬದಲಾಯಿಸೋಕಾದರೂ ಸಿಗಬೇಕಲ್ಲ. ಮೂರು ಮಳೆಗಾಲದ ಹಿಂದೆ ಅದನ್ನು ಬದಲಾಯಿಸಿದ್ದರೆ ಆ ಎರಡು ಪಕಾಸು ಉಳಿಯುತ್ತಿದ್ದವು. ಬಕೆಟ್ ಪಕ್ಕದ ಕಪಾಟಿನಲ್ಲಿದ್ದ ಹಳೇ ಗೆಜೆಟಿಯರ್‌ಗಳೂ ಉಳಿಯುತ್ತಿದ್ದವು. ಪುಟಗಳು ಒಂದಕ್ಕೊಂದು ಅಂಟಿ ಹೋಗಿವೆ. ಇವತ್ತು ಅವನ್ನು ಬೇರೆ ಕಪಾಟಿಗೆ ಸಾಗಿಸಿ ಬಂದೆ.

ಒಂದೂವರೆಗೆ ಎದ್ದೆ. ನಕ್ಷೆಯ ಮೇಲೆ ನೀಲಿ ಪೆನ್ಸಿಲ್ಲಿನಲ್ಲಿ ನೀರಿನ ದಾರಿ ಬರೆದೆ. ಅಟೆಂಡರ್ ಪಕ್ಕದಲ್ಲಿ ನಿಂತು ತಿದ್ದಿದರು, "ಇನ್ನೂ ಸ್ವಲ್ಪ ಎಡಕ್ಕೆ ಮೇಡಂ, ಹಲಸಿನ ಮರದ ಬುಡಕ್ಕೆ ಬಳಸಿ ಹೋಗುತ್ತೆ." ಹಲಸಿನ ಮರ ನಕ್ಷೆಯಲ್ಲೇ ಇರಲಿಲ್ಲ. ಅದನ್ನೂ ಬರೆದೆ.

ಮನೆಗೆ ಬಂದು ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ. ಬುಧವಾರದ ಮೀಟಿಂಗಿಗೆ ಅಟೆಂಡರ್ ಅವರೂ ಕೂರಬೇಕು, ಜೊತೆಗೆ ಇಬ್ಬರು ವಿದ್ಯಾರ್ಥಿನಿಯರು ಮತ್ತು ಆ ಗಾಲಿಕುರ್ಚಿಯ ಹುಡುಗ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆಗಲಿ ಮೇಡಂ, ಕುರ್ಚಿ ಜಾಸ್ತಿ ಹಾಕಿಸ್ತೀನಿ. ಮೀಟಿಂಗ್ ಮೇಲಿನ ಹಾಲ್‌ನಲ್ಲಿ ಬೇಡ, ಕೆಳಗಿನ ಕೊಠಡಿಯಲ್ಲೇ ಇಟ್ಕೊಳ್ಳೋಣ" ಅಂದರು.

ನಾಳೆ ಮಳೆ ಸ್ವಲ್ಪ ಬಿಟ್ಟರೆ ಟೇಪ್ ತಗೊಂಡು ಹೋಗಿ ಮೋರಿಯ ಅಗಲ ಅಳೆಯಬೇಕು.